ಸಾವಿರದ ಇಪ್ಪತ್ನಾಲ್ಕು ಮನೆ, ಸಾವಿರ ಬಾಡಿಗೆದಾರರು

ಜೂನ್ 2, 2005. ಗುರುವಾರ. ಸಂಜೆ 6.30

ಮೂರು ಪೆನ್ ಡ್ರೈವ್, ಒಂದು ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಸತ್ತಿದೆ, ವಾಪಸ್ ಕೊಟ್ಟೆ. ಪೆನ್ ಡ್ರೈವ್ ಮೂರರದ್ದೂ ಫೈಲು ವಾಪಸ್ ಬಂತು. ಒಂದರಲ್ಲಿ ಬರೀ ಹಾಡು. ಇಷ್ಟಕ್ಕೆ ನಿನ್ನೆ ಕಣ್ಣಲ್ಲಿ ನೀರು ಹಾಕಿದ್ದ ಪುಣ್ಯಾತ್ಮ.

ಓನರ್ ಚೆನ್ನೈಗೆ ಹೋದ್ರು. ತಿಂಗಳ ಕೊನೇವರೆಗೂ ಅಂಗಡಿ ನಂದೇ. ಜಯನಗರ ಕಾಂಪ್ಲೆಕ್ಸ್ ಹಿಂದೆ, ಮೊದಲ ಮಹಡಿ, ಎಂಟಡಿ ಹತ್ತಡಿ ರೂಮು. ಹೊರಗೆ ಬೋರ್ಡು — ಡೇಟಾ ರಿಕವರಿ. ರೆಕಾರ್ಡಿಂಗ್ ಅಂಗಡಿ ಅಂದ್ಕೊಂಡು ಒಬ್ರು ಕ್ಯಾಸೆಟ್ ಕೇಳ್ಕೊಂಡು ಬಂದಿದ್ರು.

ಅಮ್ಮ ಶ್ರೀನಗರದಲ್ಲೆಲ್ಲಾ ‘ನಮ್ಮ ನಂಜುಂಡ ಕಂಪ್ಯೂಟರ್ ಡಾಕ್ಟ್ರು’ ಅಂತ ಹೇಳ್ಕೊಂಡು ಬಂದಿದಾಳೆ. ಮೂವತ್ಮೂರು ವರ್ಷದ ಡಿಪ್ಲೊಮಾ ಡಾಕ್ಟ್ರು. ಬೈದೆ. ಒಳಗೊಳಗೇ ಖುಷಿನೂ ಆಯ್ತು, ಸುಳ್ಳು ಯಾಕೆ.

ಜೂನ್ 3, ಶುಕ್ರವಾರ. ಮಧ್ಯಾಹ್ನ 1.00

ಇಟ್ಟಮಡು ಸ್ಟುಡಿಯೊ ಗೂಳಪ್ಪ ಬಂದಿದ್ರು. ಕ್ಯಾಮೆರಾ ಕಾರ್ಡ್, xD, 128 ಎಂಬಿ. ಉಗುರಿನಷ್ಟು ಇದೆ. ಗೊಟ್ಟಿಗೆರೆ ತಿಮ್ಮರಾಯಪ್ಪ ಅಂತ, ಆ ಕಡೆ ದೊಡ್ಡ ಕುಳ, ಅವರ ಮಗಳು ಅರ್ಪಿತಳ ನಿಶ್ಚಿತಾರ್ಥದ ಫೋಟೊ. ಇನ್ನೂರ ಹದಿನಾಲ್ಕು. ಬೇರೆ ಕಾಪಿ ಇಲ್ಲ. ಸ್ಟುಡಿಯೊ ಹುಡುಗಿ ಕಂಪ್ಯೂಟರ್‌ಗೆ ಹಾಕ್ತಿದ್ದಾಗ ಕರೆಂಟ್ ಹೋಗಿದೆ. ಆಮೇಲೆ ಕಾರ್ಡ್ ಓಪನ್ನೇ ಆಗ್ತಿಲ್ಲ. ಹುಡುಗಿ ‘ನಾನೇನೂ ಮಾಡಿಲ್ಲ’ ಅಂತಾಳಂತೆ. ಗೂಳಪ್ಪಂಗೆ ನಂಬಿಕೆ ಇಲ್ಲ, ಅಳಿಸಿಬಿಟ್ಟು ನಾಟಕ ಮಾಡ್ತಾಳೆ ಅಂತ ಅವರ ಲೆಕ್ಕ. ಇಬ್ರೂ ಬಾಗಲಕೋಟೆ ಕಡೆಯವರೇ. ಊರಿನ ಹುಡುಗಿ ಅಂತ ಇವರೇ ಕೆಲಸ ಕೊಟ್ಟು ಬಿಟಿಎಂನಲ್ಲಿ ರೂಮು ನೋಡಿಕೊಟ್ಟಿದ್ದು.

ಸಲೀಸು ಕೇಸು. ಇಂಥ ಕಾರ್ಡ್‌ನಲ್ಲಿ ಒಂದು ಜಾಗದ ಮೇಲೆ ಮತ್ತೆ ನೇರವಾಗಿ ಬರೆಯೋ ಹಾಗಿಲ್ಲ. ಹೊಸ ಜಾಗದಲ್ಲಿ ಬರೆದು, ಹಳೇದನ್ನ ಆಮೇಲೆ ಅಳಿಸಬೇಕು. ಮಧ್ಯೆ ಕರೆಂಟ್ ಹೋದ್ರೆ ಹಳೇದೂ ಹೊಸದೂ ಎರಡೂ ‘ನಾನೇ 417ನೇ ನಂಬರಿನ ತುಂಡು’ ಅಂತ ನಿಂತ್ಕೊಳ್ತವೆ. ಕಂಪ್ಯೂಟರ್ ಗೊಂದಲಕ್ಕೆ ಬಿದ್ದು ಕೈ ಚೆಲ್ಲತ್ತೆ. ನಮ್ಮ ರೀಡರ್‌ನಲ್ಲಿ ಇದ್ದಿದ್ದನ್ನ ಇದ್ದ ಹಾಗೇ ಓದಿ, ಯಾವುದು ಸರಿ ನೋಡಿದ್ರಾಯ್ತು. ನಾಳೆ ಬನ್ನಿ ಅಂದೆ. ‘ಡಾಕ್ಟರ್ರ, ನಿಮ್ಮ ಮ್ಯಾಲೆ ಭಾರ’ ಅಂದು ಹೋದ್ರು.

ಅದೇ ದಿನ. ಸಂಜೆ 4.50

ಬಾಗಿಲು ಹಾಕ್ಕೊಂಡು ಬರೀತಿದೀನಿ.

ಕಸ್ಟಮರ್ ಕಾರ್ಡ್ ಮುಟ್ಟೋ ಮೊದಲು ನಮ್ಮ ಪ್ರಾಕ್ಟೀಸ್ ಕಾರ್ಡ್ ಹಾಕಿ ರೀಡರ್ ಟೆಸ್ಟ್ ಮಾಡ್ತೀವಿ. ಅಳಿಸು, ಬರೆ, ಓದು. ಸಾವಿರ ಸಲ ಮಾಡಿದೀನಿ. ಕಸ್ಟಮರ್ ಕಾರ್ಡ್‌ಗೆ ಸ್ಟಿಕರ್ ಇರತ್ತೆ, ನಮ್ಮದಕ್ಕೆ ಇರಲ್ಲ. ಅದೇ ಗುರುತು. ಸ್ಟಿಕರ್ ಸಮೇತ ಸ್ಲಾಟ್‌ಗೆ ಹೋಗಲ್ಲ ಅಂತ ಮೊದಲೇ ಕಿತ್ತಿಟ್ಟಿದ್ದೆ. ಟೀ ಬಂತು. ಅಮ್ಮನ ಫೋನು ಬಂತು, ಭಾನುವಾರ ಹೆಣ್ಣು ನೋಡೋಕೆ ಹೋಗೋಣ್ವಾ ಅಂತ. ಮಾತಾಡ್ತಾನೇ ಕಾರ್ಡ್ ತಳ್ಳಿದೆ. ಟೆಸ್ಟ್ ಒತ್ತಿದೆ.

ಸ್ಕ್ರೀನ್ ಮೇಲೆ — ಝೋನ್ 1/8 ಅಳಿಸಲಾಗಿದೆ. 2/8. 3/8.

ಎಂಟು ಯಾಕೆ ಬಂತು ಅಂತ ಆಗ ಹೊಳೀತು. ನಮ್ಮ ಪ್ರಾಕ್ಟೀಸ್ ಕಾರ್ಡು 64 ಎಂಬಿ, ನಾಲ್ಕೇ ಝೋನು, ಅಂದ್ರೆ ನಾಲ್ಕೇ ಭಾಗ. ಅದು ಟೀ ಲೋಟದ ಪಕ್ಕ ಆರಾಮಾಗಿ ಮಲಗಿತ್ತು.

ಕಿತ್ತೆ. ಅಷ್ಟರಲ್ಲಿ ಮೂರು ಝೋನು ಬೋಳು. ಅಳಿಸಿದ್ದು ಅಳಿಸಿದ್ದೇ, ಈ ಜಾತಿ ಕಾರ್ಡ್‌ನಲ್ಲಿ ವಾಪಸ್ ಅನ್ನೋದೇ ಇಲ್ಲ. ಥೂ. ಎಂಟು ವರ್ಷದ ಸರ್ವೀಸು. ಥೂ ನನ್ನ ಜನ್ಮಕ್ಕೆ.

ಜೂನ್ 4, ಶನಿವಾರ. ಬೆಳಿಗ್ಗೆ 11.45

ನಡೆದಿದ್ದನ್ನ ನಡೆದ ಹಾಗೆ ಬರೀತೀನಿ. ಇಲ್ಲಾದ್ರೂ ಬರೀಬೇಕು.

ಬೆಳಿಗ್ಗೆ ಬಂದು ಉಳಿದ ಐದು ಝೋನ್ ಹಾಗ್‌ಹಾಗೇ ಓದಿ ಸಿಡಿಗೆ ಹಾಕ್ಕೊಂಡೆ. ಅದನ್ನ ಕೊಡಬಹುದಿತ್ತು. ಆದ್ರೆ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಒತ್ತಿದ್ರೆ ಮೊದಲಲ್ಲಿರೋ ಹೆಸರಿನ ಪಟ್ಟಿ ಮಾತ್ರ ಹೋಗೋದು, ಫೋಟೊ ಅಲ್ಲ. ಮೂರು ಝೋನನ್ನ ಹೀಗೆ ಸಾಲಾಗಿ ಬೋಳಿಸೋಕೆ ನಮ್ಮ ರೀಡರ್ರೇ ಬೇಕು. ಓನರ್ ಒಂದು ಸಲ ನೋಡಿದ್ರೆ ಸಾಕು, ಕೆಲಸ ಹೋಯ್ತು. ಇದು ಆಗದ ಕೇಸು, ಏನೂ ಬರಲ್ಲ ಅನ್ನಿಸಿಬಿಟ್ರೆ ಯಾರೂ ಕಾರ್ಡ್ ನೋಡಲ್ಲ.

ಹತ್ತೂವರೆಗೆ ಗೂಳಪ್ಪ ಬಂದ್ರು. ಆಗಲ್ಲ ಸಾರ್ ಅಂದೆ. ಯಾಕ್ರಿ ಅಂದ್ರು. ಲೆಕ್ಕ ತೆಗೆದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು, ನೆನೆಸ್ಕೊಂಡ್ರೆ ಅಸಹ್ಯ ಆಗತ್ತೆ.

ಕಾರ್ಡ್‌ನಲ್ಲಿ ಎಂಟು ಝೋನು, ಎಂಟು ಲೇಔಟ್ ಅಂದ್ಕೊಳ್ಳಿ ಅಂದೆ. ಒಂದೊಂದರಲ್ಲೂ 1024 ಮನೆ. ಬಾಡಿಗೆದಾರರು ಸಾವಿರ. ಇಪ್ಪತ್ನಾಲ್ಕು ಮನೆಗೆ ಯಾವಾಗ್ಲೂ ಟು-ಲೆಟ್ ಬೋರ್ಡು. ಬಾಡಿಗೆದಾರ ಅಂದ್ರೆ ನಿಮ್ಮ ಫೋಟೊದ ಒಂದು ತುಂಡು. ಪ್ರತಿ ಸಲ ಬರೆದಾಗ್ಲೂ ಮನೆ ಬದಲಾಯಿಸ್ತಾನೆ. ಯಾರು ಯಾವ ಮನೇಲಿದಾನೆ ಅನ್ನೋ ಪಟ್ಟಿ ಹಾಳಾಗಿದೆ. ಮೊದಲನೇವನಿಗೆ 1024 ಮನೇಲಿ ಯಾವುದೂ ಆಗಬಹುದು. ಎರಡನೇವನಿಗೆ 1023. ಹೀಗೇ ಸಾವಿರನೇವನಿಗೆ 25. ಎಲ್ಲಾ ಗುಣಿಸಿ. ಒಂದು ಲೇಔಟ್‌ಗೇ 2,616 ಅಂಕಿಯ ಸಂಖ್ಯೆ. ಎಂಟಕ್ಕೂ ಸೇರಿದ್ರೆ 20,928 ಅಂಕಿ. ಬರೆಯೋಕೇ ನೋಟ್‌ಬುಕ್ಕಲ್ಲಿ ಮೂವತ್ತು ಪೇಜು ಹೋಗತ್ತೆ. ಅಷ್ಟು ಸಾಧ್ಯತೆ ಒಂದೊಂದಾಗಿ ನೋಡೋಕೆ ಈ ಭೂಮಿ ಇರೋವರೆಗೂ ಕೂತ್ರೂ ಆಗಲ್ಲ.

ಲೆಕ್ಕ ಸರಿ. ಒಂದಂಕಿ ತಪ್ಪಿಲ್ಲ. ಹೇಳಿದ್ದು ಮಾತ್ರ ಶುದ್ಧ ಸುಳ್ಳು. ಯಾಕಂದ್ರೆ ಪ್ರತಿ ಮನೆ ಹಿಂದ್ಗಡೆನೂ, ಫೋಟೊಗೆ ಸೇರದ ಒಂದು ಸಣ್ಣ ಪಟ್ಟಿಯಲ್ಲಿ, ಬಾಡಿಗೆದಾರನ ನಂಬರ್ ಬರೆದೇ ಇರತ್ತೆ. ಊಹೆ ಮಾಡೋ ಕೆಲಸನೇ ಇಲ್ಲ, ಓದಿದ್ರೆ ಸಾಕು.

ಗೂಳಪ್ಪ ಕೈ ಮುಗಿದ್ರು. ಬಿಟಿಎಂದಾಗ ಒಂದ್ ಮನಿ ಹುಡುಕಾಕ ನನಗ ಆರ್ ತಿಂಗಳ ಬೇಕಾತು, ಇದೆಲ್ಲಿ ಆಕ್ಕೈತಿ ಅಂದ್ರು. ಆಮೇಲೆ ಮೆತ್ತಗೆ ಕೇಳಿದ್ರು: “ಕಾರ್ಡ್ ತಾನಾಗೇ ಕೆಟ್ಟೈತೋ, ಯಾರರ ಅಳಸ್ಯಾರೋ? ಅಷ್ಟ ಹೇಳ್ರಿ.”

“ಅಳಿಸಿದಾರೆ” ಅಂದೆ.

ಬರ್ಕೊಡ್ರಿ ಅಂದ್ರು. ಲೆಟರ್‌ಹೆಡ್‌ನಲ್ಲಿ ಬರ್ಕೊಟ್ಟೆ — ಕಾರ್ಡಿನ ದೋಷವಲ್ಲ, ಅಳಿಸಲಾಗಿದೆ, ಮರುಜೋಡಣೆ ಅಸಾಧ್ಯ. ಸೀಲ್ ಬೇರೆ ಹೊಡೆದೆ. ಬರ್ದಿದ್ರಲ್ಲಿ ಆ ಮಧ್ಯದ ಮಾತು ಮಾತ್ರ ನಿಜ.

ಜೂನ್ 6, ಸೋಮವಾರ

ಹೆಣ್ಣು ನೋಡೋಕೆ ಹೋಗಲಿಲ್ಲ. ಹೊಟ್ಟೆನೋವು ಅಂದೆ. ಅಮ್ಮ ಓಮದ ಕಷಾಯ ಮಾಡಿಕೊಟ್ಲು. ಕುಡಿದೆ.

ಜೂನ್ 7, ಮಂಗಳವಾರ

ಆ ಹುಡುಗಿಗೆ ಏನಾಗಿರತ್ತೆ? ಏನೂ ಆಗಿರಲ್ಲ. ಎರಡು ಮಾತು ಬೈದಿರ್ತಾರೆ.

ಜೂನ್ 14, ಮಂಗಳವಾರ. ಮಧ್ಯಾಹ್ನ 2.15

ಬಂದಿದ್ಲು.

ನಾನು ಯಾರೋ ಕಸ್ಟಮರ್ ಅಂದ್ಕೊಂಡೆ. ಇಪ್ಪತ್ಮೂರು ಇಪ್ಪತ್ನಾಲ್ಕು ಇರಬಹುದು. ಕೈಯಲ್ಲಿ ನನ್ನ ರಿಪೋರ್ಟಿನ ಜೆರಾಕ್ಸ್. ಹೆಸರು ಮಧುಮತಿ, ಗೂಳಪ್ಪಣ್ಣನ ಸ್ಟುಡಿಯೊದಾಗ ಇದ್ದೆ ಅಂದ್ಲು. ‘ಇದ್ದೆ.’ ಕೂತ್ಕೊಳಿ ಅಂದೆ, ಕೂರಲಿಲ್ಲ.

ಜಗಳಕ್ಕೆ ಬಂದಿರಲಿಲ್ಲ. ಬಿಎಸ್ಸಿ ಮ್ಯಾಥ್ಸ್ ಅಂತೆ. ಗೂಳಪ್ಪ ಹೇಳಿದ್ರಂತೆ, ಆ 20,928 ಅಂಕಿ ಹೆಂಗೆ ಬಂತು ಅಂತ ಕೇಳಿದ್ಲು. ಹೇಳಿದೆ. ಅದೇ ಮನೆ, ಅದೇ ಬಾಡಿಗೆದಾರ. ಜೆರಾಕ್ಸ್ ಹಿಂದ್ಗಡೆ ತಾನೇ ಬರೆದು ನೋಡಿದ್ಲು, 1024 ಫ್ಯಾಕ್ಟೋರಿಯಲ್ ಬೈ 24 ಫ್ಯಾಕ್ಟೋರಿಯಲ್. ಬರೋಬ್ಬರಿ ಐತ್ರಿ ಅಂದ್ಲು. ಆಮೇಲೆ ಪೆನ್ನು ಮುಚ್ಚಿ ಕೇಳಿದ್ಲು: “ಇಷ್ಟ್ ಸಾಧ್ಯತಾ ಇದ್ರ, ಕ್ಯಾಮೆರಾ ಹೆಂಗ ಹುಡುಕತೈತ್ರಿ? ಬಟನ್ ಒತ್ತಿದ್ರ ಸೆಕೆಂಡ್‌ನ್ಯಾಗ ಫೋಟೊ ತೋರಸ್ತೈತಲ್ಲ.”

ಅಷ್ಟೇ. ಹತ್ತು ದಿನ ಕಟ್ಟಿದ ಗೋಡೆ ಅಷ್ಟಕ್ಕೇ ಬಿತ್ತು. ಅದಕ್ಕೊಂದು ಟೇಬಲ್ ಇರತ್ತೆ, ಅದು ಹೋಗಿದೆ ಅಂತ ಏನೋ ಗೊಣಗಿದೆ. ಹೂಂ ಅಂದ್ಲು. ನಂಬಿದ್ಲೋ ಇಲ್ವೋ.

ಕೆಲಸದಿಂದ ತೆಗೆದಿದಾರೆ. ಅದಲ್ಲ ಅವಳ ಚಿಂತೆ. ಗೂಳಪ್ಪ ಇವಳ ಊರು ಕೆರೂರಿಗೆ ಫೋನ್ ಮಾಡಿ ಅಣ್ಣನಿಗೆ ಈ ರಿಪೋರ್ಟ್ ಓದಿ ಹೇಳಿದಾರೆ. ಅಣ್ಣ ಸಿದ್ದಾರೂಢ, ಸೈಕಲ್ ಅಂಗಡಿ, ಅಪ್ಪ ಇಲ್ಲದ ಮನೇಲಿ ಇವಳನ್ನ ಓದಿಸಿದ್ದು ಅವನೇ. ಕಾರಹುಣ್ಣಿಮೆ ಹಬ್ಬ ಮುಗಿಸಿಕೊಂಡು ಬಂದು ಕರ್ಕೊಂಡು ಹೋಗ್ತಾನಂತೆ. ಕೆಲಸ ಹೋದ್ರ ಹೋಗ್ಲಿ, ಇನ್ನೊಂದ್ ಹುಡುಕ್ತೀನಿ ಅಂದ್ಲು. “ಅಣ್ಣ ಮೊದಲನೇ ಸಲ ನನಗ ಸುಳ್ಳ ಹೇಳ್ತಿ ಅಂದ ಸರ್.”

ಹೋದ್ಲು. ನಾನು ಮೇಜಿನ ಮೇಲಿದ್ದ ಸೀಲನ್ನ ಡ್ರಾಯರ್‌ನಲ್ಲಿ ಹಾಕಿದೆ. ಯಾಕೆ ಹಾಕಿದೆ ಗೊತ್ತಿಲ್ಲ.

ಜೂನ್ 15, ಬುಧವಾರ. ಸಂಜೆ

ಸಿಡಿ ತೆಗೆದೆ. ಐದು ಝೋನಿನ ಬಾಡಿಗೆದಾರರ ನಂಬರ್‌ಗಳನ್ನ ಓದೋ ಸಣ್ಣ ಪ್ರೋಗ್ರಾಂ ಬರೆದೆ. ಊಟಕ್ಕೆ ಮುಂಚೆ ಮುಗೀತು. ಅಷ್ಟೇ ಕೆಲಸ. ಅಷ್ಟೇ ಇದ್ದಿದ್ದು.

ಜೂನ್ 19, ಭಾನುವಾರ. ಬೆಳಿಗ್ಗೆ 10.30

ಅಂಗಡೀಲಿ ಒಬ್ಬನೇ. ಐದು ಸಾವಿರ ಬಾಡಿಗೆದಾರರಲ್ಲಿ ಮೂವರ ನಂಬರು ಅಳಿಸಿಹೋಗಿದೆ, ಮೂರು ನಂಬರಿಗೆ ವಾರಸುದಾರ ಇಲ್ಲ. ಆರು ಥರ ಕೂರಿಸಬಹುದು. ಇನ್ನೊಂದು ನಂಬರಿಗೆ ಇಬ್ಬರು ಹಕ್ಕುದಾರರು, ಕರೆಂಟ್ ಹೋದಾಗ ಹುಟ್ಟಿದ ಜೋಡಿ. ಅದು ಎರಡು. ಆರೆರಡಲ ಹನ್ನೆರಡು.

ಹನ್ನೆರಡು. ನಾಲ್ಕು ಬೆರಳಿನ ಗೆರೆ ಎಣಿಸಿದ್ರೆ ಮುಗೀತು. ಭೂಮಿ ಇರೋವರೆಗೂ ಅಂದಿದ್ದೆ.

11.20

ಏಳನೇದು ಸರಿ ಬಂತು. ಮುಖಗಳು ಅರ್ಧರ್ಧ ಕತ್ತರಿಸಿದ್ದು ಕೂಡ್ಕೊಂಡ್ವು. 128 ಫೋಟೊ ಪೂರ್ತಿ. ಉಂಗುರ ಹಾಕೋದು ಇದೆ. ಊಟದ ಪಂಕ್ತಿ ಇದೆ. ಅರ್ಪಿತ ಅನ್ನೋ ಹುಡುಗಿ ನಗ್ತಾಳೆ. ಒಂದರಲ್ಲಿ ಮೂಲೆ ಕನ್ನಡೀಲಿ ಮಧುಮತಿ, ಕೈಯಲ್ಲಿ ಸಣ್ಣ ನೋಟ್‌ಬುಕ್ಕು, ಏನೋ ಬರ್ಕೊಳ್ತಿದಾಳೆ. ಗಂಡಿನವರು ಬಂದಿದ್ದು, ತಟ್ಟೆ ಬದಲಾಯಿಸಿದ್ದು ಎಲ್ಲಾ ಮೊದಲ ಮೂರು ಝೋನಲ್ಲಿತ್ತು. ಹೋಯ್ತು.

ನಾಳೆ ಇಟ್ಟಮಡುಗೆ ಹೋಗ್ತೀನಿ. ಎಲ್ಲಾ ಹೇಳಿಬಿಡ್ತೀನಿ.

ಜೂನ್ 20, ಸೋಮವಾರ. ಸಂಜೆ 5.00

ಹೇಳಲಿಲ್ಲ.

ಸಿಡಿ ಹಾಕಿದ ತಕ್ಷಣ ಗೂಳಪ್ಪ ಎದ್ದು ನಿಂತು ನನ್ನ ಎರಡೂ ಕೈ ಹಿಡ್ಕೊಂಡ್ರು. ಅಲ್ಲಿಂದಲೇ ತಿಮ್ಮರಾಯಪ್ಪಂಗೆ ಫೋನ್ ಮಾಡಿದ್ರು, ಫೋನ್ ನನಗೆ ಕೊಟ್ರು. ಏನ್ ಸಾರ್, ಸಖತ್ ಕೆಲಸ ಮಾಡಿದ್ರಿ, ಮದುವೆಗೆ ಬರಲೇಬೇಕು ಅಂದ್ರು ಆ ಮನುಷ್ಯ. ಬರ್ತೀನಿ ಸಾರ್ ಅಂದೆ. ಅಂದೆ! ಅಂಗಡಿಯವರೆಲ್ಲ ಸೇರಿದ್ರು. ಮೈಸೂರ್‌ಪಾಕ್ ತರಿಸಿದ್ರು. ‘ಆ ಹುಡುಗಿ ಅಳಿಸಿ ಹಾಕಿದ್ರೂ ಡಾಕ್ಟರ್ ಹಗಲೂ ರಾತ್ರಿ ಕೂತು ಜೀವ ಕೊಟ್ರು’ ಅಂತ ಗೂಳಪ್ಪ ಎಲ್ಲರಿಗೂ ಹೇಳಿದ್ರು. ನಾನು ಬಾಯಿತುಂಬಾ ಮೈಸೂರ್‌ಪಾಕ್ ಇಟ್ಕೊಂಡು ತಲೆ ಆಡಿಸ್ತಿದ್ದೆ.

ನನ್ನಂಥ ನಾಚಿಕೆಗೆಟ್ಟವನು ಇನ್ನೊಬ್ಬ ಇರಲಾರ. ಇದನ್ನ ಬರೆದ್ರೆ ಹಗುರ ಆಗತ್ತೆ ಅಂತ ಇದ್ದೆ. ಆಗಲ್ಲ.

ಜೂನ್ 23, ಗುರುವಾರ. ಮಧ್ಯಾಹ್ನ 3.30

ಮತ್ತೆ ಬಂದಿದ್ಲು. ಈ ಸಲ ಕೂತ್ಲು.

ಫೋಟೊಗಳಿಗೆ ಹೆಸರಿಲ್ಲ, ಕ್ರಮ ಇಲ್ಲ. ಯಾರ ಹಿಂದೆ ಯಾರು ಅನ್ನೋದು ಅವಳಿಗೇ ಗೊತ್ತಿರೋದು, ಅದಕ್ಕೆ ಗೂಳಪ್ಪ ಒಂದಿನದ ಮಟ್ಟಿಗೆ ಕರೆಸಿದ್ರಂತೆ. ಕೆಲಸಕ್ಕಲ್ಲ, ಬರೀ ಜೋಡಿಸೋಕೆ. ಹೋಗಿದಾಳೆ. ನಾನಾಗಿದ್ರೆ ಹೋಗ್ತಿರಲಿಲ್ಲ. ಫಂಕ್ಷನ್ ದಿನ ನೋಟ್‌ಬುಕ್ಕಲ್ಲಿ ಒಂದರಿಂದ ಇನ್ನೂರ ಹದಿನಾಲ್ಕರವರೆಗೂ ಬರ್ಕೊಂಡಿದ್ಲು. ಅದನ್ನ ಮೇಜಿನ ಮೇಲೆ ತೆರೆದಿಟ್ಲು. ಮೊದಲ ಎಂಬತ್ತೈದಕ್ಕೆ ಅಡ್ಡಗೆರೆ. ಎಂಬತ್ತಾರನೇದು ಅರ್ಧ. ಅಲ್ಲಿಂದ ಒಂದೂ ಬಿಡದೆ ಎಲ್ಲಾ ಇದೆ.

ಕಾರ್ಡು ಕೆಟ್ಟಿದ್ರೆ ಅಲ್ಲೊಂದು ಇಲ್ಲೊಂದು ಹೋಗಬೇಕಿತ್ತು ಅಂದ್ಲು. ಅಳಿಸಿದ್ರೆ ಎಲ್ಲಾ ಹೋಗಬೇಕಿತ್ತು. ಎಂಟರಾಗ ಮೂರು ಪಾಲು, ಸಾಲಾಗಿ, ಮೊದಲಿನಿಂದ. ದನಿ ಏರಿಸಲಿಲ್ಲ. “ಯಾರೋ ಸುರು ಮಾಡಿ ನಡುವ ಕೈ ತಗದಂಗ ಐತ್ರಿ. ನನಗ ಅಂಥಾ ಮಷೀನ್ ಎಲ್ಲಿ ಐತಿ?”

ಫ್ಯಾನ್ ನೋಡಿದೆ. ನೋಟ್‌ಬುಕ್ ನೋಡಿದೆ. ಅವಳ ಮುಖ ನೋಡೋಕೆ ಆಗಲಿಲ್ಲ. ನಾನೇ ಅಂದೆ. ಪ್ರಾಕ್ಟೀಸ್ ಕಾರ್ಡು, ಸ್ಟಿಕರ್ರು, ಓನರ್ರು, ಎಲ್ಲಾ ಒಂದೇ ಉಸಿರಲ್ಲಿ. ಕೆಲಸ ಹೋಗತ್ತೆ ಅಂತ ಹೆದರಿದ್ದೆ ಅಂದೆ. ಯಾರ ಮುಂದೆ ಹೇಳ್ತಿದೀನಿ ಅನ್ನೋದು ಹೇಳಿದ ಮೇಲೆ ಹೊಳೀತು.

ಬೈತಾಳೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿತ್ತು. ಕಣ್ಣು ಒರೆಸ್ಕೊಂಡ್ಲು. ಆಮೇಲೆ ನೋಟ್‌ಬುಕ್ ಮುಚ್ಚಿ ಎದ್ಲು.

“ನನಗ ಹೇಳಿದ್ರ ಏನ್ ಉಪಯೋಗ್ರಿ. ನನಗ ಮೊದಲಾ ಗೊತ್ತಿತ್ತು, ನಾ ಮಾಡಿಲ್ಲಂತ. ಅಣ್ಣಗ ಹೇಳ್ರಿ.”

ಜೂನ್ 25, ಶನಿವಾರ. ಮಧ್ಯಾಹ್ನ 1.10

ಬಿಟಿಎಂ ಎರಡನೇ ಹಂತ, ಅವಳ ರೂಮಿನ ಹತ್ರದ ಎಸ್‌ಟಿಡಿ ಬೂತು. ಬಸ್ಸಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಕಾರ್ಡು ಅಳಿಸಿದ್ದು ನಾನು, ರಿಪೋರ್ಟು ಸುಳ್ಳು, ನಿಮ್ಮ ತಂಗಿ ಹೇಳಿದ್ದು ನಿಜ. ಮೂರೇ ಮಾತು.

ಅವಳು ನಂಬರ್ ಒತ್ತಿ ರಿಸೀವರ್ ನನಗೆ ಕೊಟ್ಲು. ಹಿಂದೆ ಸೈಕಲ್ ಟ್ಯೂಬಿಗೆ ಗಾಳಿ ಹೊಡೆಯೋ ಸದ್ದು. ಹೆಸರು ಹೇಳಿದೆ, ಅಂಗಡಿ ಹೆಸರು ಹೇಳಿದೆ. ಫೋಟೊ ಸಿಕ್ಕಿವೆ ಸಾರ್, ನಿಮ್ಮ ತಂಗಿದೇನೂ ತಪ್ಪಿಲ್ಲ ಅಂದೆ. ಮತ್ತೆ ಅಳಸಿದವರು ಯಾರ್ರಿ ಅಂದ್ರು.

“ಮಷೀನು” ಅಂದೆ. ಮಷೀನು!

ಆ ಕಡೆ ಗಾಳಿ ಹೊಡೆಯೋದು ನಿಂತೋಯ್ತು. ನೀವಾ ಬರ್ಕೊಟ್ಟೀರಿ ಮಷೀನಿಂದಲ್ಲಂತ, ಈಗ ಮಷೀನ್ ಅಂತೀರಿ ಅಂದ್ರು. ನಾನು ತೊದಲಿದೆ. ಆಮೇಲೆ ಅವರು ಕೇಳಿದ್ದು ಇನ್ನೂ ಕಿವೀಲಿದೆ: “ನಮ್ಮ ಹುಡುಗೀನ ಉಳಸಾಕ ಫೋನ್ ಹಚ್ಚೀರಿ. ನೀವ್ಯಾರ್ರಿ ಅಕಿಗೆ?”

ಅವಳ ಕಡೆ ನೋಡಿದೆ. ಕೇಳಿಸಿತ್ತು ಅವಳಿಗೆ, ಮುಖ ಕೆಂಪಾಗಿತ್ತು. ರಿಸೀವರ್ ಇಸ್ಕೊಂಡ್ಲು. ನಾನು ಹೇಳದೇ ಇದ್ದಿದ್ದನ್ನ ಅವಳೇ ಹೇಳಬಹುದಿತ್ತು, ಈತನೇ ಅಳಿಸಿದ್ದು ಅಂತ. ಹೇಳಲಿಲ್ಲ. ಹೇಳಿದ್ರೂ ಯಾರು ನಂಬ್ತಿದ್ರು? ಹೂಂ ಅಣ್ಣ, ಹೂಂ ಅಣ್ಣ ಅಂದು ಇಟ್ಬಿಟ್ಲು.

ನಾಳೆ ರಾತ್ರಿ ಬಸ್ಸಿಗೆ ಹೊರಡ್ತಾನಂತೆ. ಸಾಮಾನು ಕಟ್ಟಿಡು ಅಂದನಂತೆ. ಅಷ್ಟು ಹೇಳಿ ರಸ್ತೆ ದಾಟಿದ್ಲು, ತಿರುಗಿ ನೋಡಲಿಲ್ಲ. ಒಂದು ಸುಳ್ಳಲ್ಲಿ ಅವಳ ಮಾತು ಕಳೆದಿದ್ದೆ. ಎರಡನೇ ಸುಳ್ಳಲ್ಲಿ ಅವಳ ಮರ್ಯಾದೆನೂ ಕಳೆದೆ.

ಸಂಜೆ 6.00

ಅಳಿಸಿದ್ದು ನಾನೇ ಅಂತ ಲೆಟರ್‌ಹೆಡ್‌ನಲ್ಲಿ ಮೂರು ಕಾಗದ ಬರೆದೆ. ಗೂಳಪ್ಪಂಗೆ ಒಂದು, ಕೊಟ್ಟು ಬಂದೆ. ನಿಂತ್ಕೊಂಡೇ ಓದಿದ್ರು. ಡಾಕ್ಟರ್ ಅನ್ನಲಿಲ್ಲ, ಕೂತ್ಕೊಳಿ ಅನ್ನಲಿಲ್ಲ. ಓನರ್‌ಗೆ ಒಂದು, ಚೆನ್ನೈಗೆ ಕೊರಿಯರ್ ಮಾಡಿದೆ. ಮೂರನೇದು ಸಿದ್ದಾರೂಢರಿಗೆ. ಅದು ನಾಳೆ ರಾತ್ರಿಯೊಳಗೆ ಕೆರೂರು ಮುಟ್ಟಲ್ಲ. ಬಾಯಲ್ಲೇ ಹೇಳಬೇಕು.

ಅಮ್ಮನಿಗೆ ಹೇಳಿದೆ. ಕೆಲಸ ಹೋಗಬಹುದು ಅಂದೆ, ಯಾಕೆ ಅಂತಾನೂ ಹೇಳಿದೆ. ಸೊಪ್ಪು ಬಿಡಿಸ್ತಿದ್ಲು, ಕೈ ನಿಲ್ಲಿಸಿ ನನ್ನ ನೋಡಿದ್ಲು. ಆ ಮಗು ಯಾರ ಮನೇದು ಅಂತ ಕೇಳಿದ್ಲು, ಅಷ್ಟೇ.

ಜೂನ್ 26, ಭಾನುವಾರ. ಬೆಳಿಗ್ಗೆ 7.50

ಶ್ರೀನಗರ ಬಸ್ ಸ್ಟಾಪಿನ ಬೂತು. ಒಬ್ಬನೇ ಬಂದಿದೀನಿ. ಅವಳನ್ನ ಪಕ್ಕ ನಿಲ್ಲಿಸ್ಕೊಂಡು ಧೈರ್ಯ ಎರವಲು ತಗೊಳ್ಳೋದು ಬೇಡ. ಎಂಟಕ್ಕೆ ಅಂಗಡಿ ತೆಗೀತಾರಂತೆ ಸಿದ್ದಾರೂಢ.

8.05

ಎಂಗೇಜ್. ಬೂತಿನ ಆಂಟಿ ನನ್ನನ್ನೇ ನೋಡ್ತಿದಾರೆ, ಡೈರಿ ಹಿಡ್ಕೊಂಡು ಫೋನ್ ಮಾಡೋನು ಯಾವನಪ್ಪ ಅಂತ. ನೀವ್ಯಾರ್ರಿ ಅಕಿಗೆ ಅಂತ ಮತ್ತೆ ಕೇಳ್ತಾರೆ. ಕೇಳ್ಲಿ. ಅದಕ್ಕೂ ಉತ್ತರ ಇದೆ. ಅವಳ ಹೆಸರು ಕೆಡಿಸಿದವನು ನಾನು, ಅಷ್ಟೇ ಸಂಬಂಧ.

8.12

ರಿಂಗ್ ಆಗ್ತಿದೆ. ನಾಲ್ಕು. ಐದು. ಎತ್ತಿದ್ರು, ಹಲೋ ಅಂತಿದಾರೆ. ಪೆನ್ನು ಇಡ್ತೀನಿ, ಮೊದಲ ಮಾತು ‘ಅಳಿಸಿದ್ದು ನಾನು’.